ಎಡಿಟಿಂಗ್ ಟೇಬಲ್‌ನಿಂದ ಸಾವನದುರ್ಗದ ತನಕ: ಡೇವಿಡ್ ಲೀನ್

(ಸಿನಿಮಾ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ದೃಶ್ಯಗಳನ್ನು ಇಲ್ಲಿ ವಿವರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಾವನದುರ್ಗ ಹತ್ತಿದವರು ಇಲ್ಲಿ ಬಹಳ ಜನ ಇರಬೇಕು. ರಾಮನಗರದ ರಾಮದೇವರ ಬೆಟ್ಟ ಅಂದ ಕೂಡಲೇ ನಮಗೆಲ್ಲ 1975ರ ‘ಶೋಲೆ’ ನೆನಪಾಗುತ್ತದೆ. ಆದರೆ ಶೋಲೆ ಬಂದು ಕೆಲವು ವರ್ಷಗಳ ಮೇಲೆ ಅದೇ ಬಂಡೆಗಳ ನಡುವೆ ಇನ್ನೊಂದು ತಂಡ ಬಂದು ಕ್ಯಾಮೆರಾ ಇಟ್ಟಿತು. ನಿರ್ದೇಶಕರು ಇಂಗ್ಲೆಂಡಿನವರು. ವಯಸ್ಸು ಎಪ್ಪತ್ತೈದರ ಮೇಲೆ. ಹದಿನಾಲ್ಕು ವರ್ಷಗಳಿಂದ ಅವರ ಒಂದು ಕಥಾಚಿತ್ರವೂ ಬಂದಿರಲಿಲ್ಲ. ಹೆಸರು ಡೇವಿಡ್ ಲೀನ್. ಆ ಚಿತ್ರ 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’.

ಅದರ ಟೈಟಲ್ ಕಾರ್ಡ್ ನೋಡಿ. ಚಿತ್ರಕಥೆ ಡೇವಿಡ್ ಲೀನ್, ನಿರ್ದೇಶನ ಡೇವಿಡ್ ಲೀನ್, ಸಂಕಲನವೂ ಡೇವಿಡ್ ಲೀನ್. ಆ ಹೊತ್ತಿಗೆ ಅವರು ಎರಡು ಸಲ ನಿರ್ದೇಶನಕ್ಕೆ ಆಸ್ಕರ್ ಪಡೆದಿದ್ದರು. ಬೇಕಾದ ಎಡಿಟರ್ ಸಿಗುತ್ತಿದ್ದರು. ಆದರೂ ಆ ವಯಸ್ಸಿನಲ್ಲಿ ಮತ್ತೆ ಎಡಿಟಿಂಗ್ ಟೇಬಲ್ ಮುಂದೆ ಕೂತರು. ಎಡಿಟರ್ ಅಂತ ಅವರ ಹೆಸರು ಅದಕ್ಕೆ ಮುಂಚೆ ಕೊನೆಯ ಸಲ ಪರದೆ ಮೇಲೆ ಬಂದದ್ದು 1942ರಲ್ಲಿ. ಲೀನ್ ಎಡಿಟಿಂಗ್ ಬಿಟ್ಟು ನಿರ್ದೇಶಕರಾದರು ಅಂತ ಎಲ್ಲ ಕಡೆ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ಎಡಿಟಿಂಗ್ ಬಿಡಲೇ ಇಲ್ಲ. ನೋಡುವವರ ಕಣ್ಣು ಈಗ ಎಲ್ಲಿರುತ್ತದೆ, ಮುಂದಿನ ಕ್ಷಣ ಎಲ್ಲಿಗೆ ಹೋಗುತ್ತದೆ, ಅವರಿಗೆ ಯಾವುದನ್ನು ತೋರಿಸದೆ ಇಡಬೇಕು ಎಂಬ ಲೆಕ್ಕದಲ್ಲೇ ಶಾಟ್ ತೆಗೆದರು. ಇವತ್ತು ಅದನ್ನೇ ದೃಶ್ಯಗಳ ಮೂಲಕ ತೋರಿಸಬೇಕು ಅಂತ ಬಂದಿದ್ದೇನೆ.

ಲೀನ್ ಹುಟ್ಟಿದ್ದು 1908ರ ಮಾರ್ಚ್ 25ರಂದು, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ಮನೆಯವರು ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು. ತುಂಬ ಶಿಸ್ತಿನ ಜನ. ಹುಡುಗನಿಗೆ ಸಿನಿಮಾ ನೋಡಲು ಬಿಡುತ್ತಿರಲಿಲ್ಲ. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಚಾಪ್ಲಿನ್ ಚಿತ್ರ ನೋಡಿ ಬಂದು ಅಡುಗೆಮನೆಯಲ್ಲಿ ಅಭಿನಯಿಸಿ ತೋರಿಸುತ್ತಿದ್ದರಂತೆ. ಈ ಹುಡುಗ ಕಂಡ ಮೊದಲ ಸಿನಿಮಾ ಅದೇ. ಆಮೇಲೆ ಚಿಕ್ಕಪ್ಪ ಒಂದು ಡಬ್ಬಿ ಕ್ಯಾಮೆರಾ ಕೊಟ್ಟರು. ಓದು ಅಷ್ಟಾಗಿ ಹತ್ತಲಿಲ್ಲ. ಅಪ್ಪ ಲೆಕ್ಕಪತ್ರದ ಕೆಲಸದವರು. ಮಗನನ್ನೂ ಅದೇ ಕಚೇರಿಯಲ್ಲಿ ಕೂರಿಸಿದರು, ಅದೂ ಆಗಲಿಲ್ಲ. ಯಾವಾಗ ನೋಡಿದರೂ ಸಿನಿಮಾ ಪತ್ರಿಕೆ ಹಿಡಿದುಕೊಂಡಿರುತ್ತಾನೆ, ಆ ಕೆಲಸಕ್ಕೇ ಹೋಗಲಿ ಬಿಡಿ ಅಂದವರು ಒಬ್ಬ ಚಿಕ್ಕಮ್ಮ.

1927ರಲ್ಲಿ ಗೋಮಾಂಟ್ ಸ್ಟುಡಿಯೋ ಸೇರಿದರು. ಮೊದಲು ಟೀ ತರುವ ಕೆಲಸ. ಆಮೇಲೆ ಕ್ಲಾಪ್ ಹೊಡೆಯುವ ಕೆಲಸ. ಅಲ್ಲಿಂದ ಎಡಿಟಿಂಗ್ ಕೋಣೆಗೆ.

ಆ ಕಾಲದ ಎಡಿಟಿಂಗ್ ಕೋಣೆ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಇಲ್ಲಿರುವ ಚಿಕ್ಕ ವಯಸ್ಸಿನವರು ಲ್ಯಾಪ್‌ಟಾಪ್‌ನಲ್ಲೇ ಎಡಿಟ್ ಮಾಡಿ ಅಭ್ಯಾಸ ಆದವರು. ಆಗ ಫಿಲ್ಮನ್ನು ಕೈಯಲ್ಲೇ ಹಿಡಿದು, ಕತ್ತರಿಯಲ್ಲಿ ಕತ್ತರಿಸಿ, ಅಂಟು ಹಾಕಿ ಜೋಡಿಸಬೇಕಿತ್ತು. 35 ಎಂ.ಎಂ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್, ಅಂದರೆ 16 ಬಿಡಿ ಚಿತ್ರ. ಟಾಕಿ, ಅಂದರೆ ಮಾತಿನ ಚಿತ್ರ, ಬಂದ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮ್. ಸಾವಿರ ಅಡಿಯ ಒಂದು ರೀಲ್ ಅಂದರೆ ಸುಮಾರು ಹನ್ನೊಂದು ನಿಮಿಷ. ಒಂದು ಕಟ್, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ, ತಪ್ಪಿದರೆ ಅಂಟು ಬಿಡಿಸಿ, ಕಳಚಿಟ್ಟ ತುಂಡನ್ನು ಹುಡುಕಿ ಮತ್ತೆ ಸೇರಿಸಬೇಕು. ಹಾಗಾಗಿ ಕತ್ತರಿಸುವ ಮೊದಲೇ ತಲೆಯಲ್ಲಿ ಆ ಕಟ್ ಆಗಿರಬೇಕಿತ್ತು. ಈ ಅಭ್ಯಾಸ ಲೀನ್ ಅವರನ್ನು ಜೀವನಪೂರ್ತಿ ಬಿಡಲಿಲ್ಲ.

ಲೀನ್ ಪಳಗಿದ್ದು ನ್ಯೂಸ್‌ರೀಲ್‌ಗಳಲ್ಲಿ. ವಾರಕ್ಕೆ ಎರಡು ಸಲ ಹೊಸ ಸುದ್ದಿಚಿತ್ರ ಚಿತ್ರಮಂದಿರಗಳಿಗೆ ಹೋಗಬೇಕು. ಮೆರವಣಿಗೆ, ಕುದುರೆ ಜೂಜು, ಬೆಂಕಿ ಅನಾಹುತ, ಯಾರದೋ ಭಾಷಣ. ಬಂದದ್ದನ್ನು ಗಂಟೆಗಳ ಒಳಗೆ ನೋಡಿ, ಕತ್ತರಿಸಿ, ಕಳಿಸಬೇಕು. ಎಷ್ಟೋ ಸಲ ಹಿನ್ನೆಲೆ ಮಾತನ್ನು ಬರೆದು ಓದುತ್ತಿದ್ದವರೂ ಅವರೇ. ಕಥಾಚಿತ್ರದಲ್ಲಾದರೆ ಬೇಕಾದ ಶಾಟ್ ಇಲ್ಲ ಅಂತ ನಿರ್ದೇಶಕರನ್ನು ಕೇಳಬಹುದು. ಸುದ್ದಿಯಲ್ಲಿ ಯಾರನ್ನು ಕೇಳುತ್ತೀರಿ? ಇದ್ದದ್ದರಲ್ಲೇ ಕಥೆ ಹೇಳಬೇಕು. ಒಂದು ಶಾಟ್ ಎಷ್ಟು ಹೊತ್ತು ಇದ್ದರೆ ಸಾಕು, ಯಾವ ಕ್ಷಣದಿಂದ ಜನಕ್ಕೆ ಬೇಜಾರು ಶುರುವಾಗುತ್ತದೆ ಅನ್ನುವುದು ಅಲ್ಲಿ ಕೈಗೆ ಹತ್ತಿಬಿಡುತ್ತದೆ.

ಮುಂದೆ ದೊಡ್ಡ ಚಿತ್ರಗಳು ಬಂದವು. 1938ರಲ್ಲಿ ಬರ್ನಾರ್ಡ್ ಶಾ ನಾಟಕ ಆಧರಿಸಿದ ‘ಪಿಗ್ಮೇಲಿಯನ್’, 1941ರಲ್ಲಿ ‘49ತ್ ಪ್ಯಾರಲಲ್’. ಆಗ ಬ್ರಿಟನ್‌ನಲ್ಲಿ ಅತಿ ಜಾಸ್ತಿ ಸಂಬಳ ಪಡೆಯುವ ಎಡಿಟರ್ ಇವರೇ ಎಂಬ ಮಾತಿತ್ತು.

ಈ ಅವಧಿಯ ಒಂದು ಸಂಗತಿ ನನಗೆ ಬಹಳ ಇಷ್ಟ. ಅಮೆರಿಕದ ಚಿತ್ರಗಳ ಹಾವಳಿ ತಡೆಯಲು ಬ್ರಿಟನ್ 1927ರಲ್ಲೇ ಒಂದು ಕಾನೂನು ತಂದಿತ್ತು. ಚಿತ್ರಮಂದಿರಗಳು ಇಂತಿಷ್ಟು ಬ್ರಿಟಿಷ್ ಚಿತ್ರಗಳನ್ನು ತೋರಿಸಲೇಬೇಕು. ಆ ಲೆಕ್ಕ ತುಂಬಿಸಲು ಅಗ್ಗದ ಚಿತ್ರಗಳನ್ನು ಅವಸರವಸರವಾಗಿ ತೆಗೆಯುತ್ತಿದ್ದರು. ಅಂಥವನ್ನು ನಿರ್ದೇಶಿಸಲು ಲೀನ್ ಅವರಿಗೆ ಕರೆ ಬಂತು. ಅವರು ಒಪ್ಪಲಿಲ್ಲ. ಮೊದಲ ಚಿತ್ರವೇ ಕೆಟ್ಟದಾದರೆ ಆ ಹೆಸರು ತೊಳೆದುಕೊಳ್ಳಲು ಆಗುವುದಿಲ್ಲ ಎಂಬುದು ಅವರ ಯೋಚನೆ. ಕೈಯಲ್ಲಿ ಕಸುಬು ಇದ್ದವರಿಗೆ ಕಾಯುವ ಧೈರ್ಯ ಇರುತ್ತದೆ. ಅವರು ವರ್ಷಗಟ್ಟಲೆ ಕಾದರು.

ಕಾದದ್ದಕ್ಕೆ ಸಿಕ್ಕಿದ್ದು 1942ರ ‘ಇನ್ ವಿಚ್ ವಿ ಸರ್ವ್’. ನಾಟಕಕಾರ, ನಟ ನೋಯೆಲ್ ಕವರ್ಡ್ ಅವರಿಗೆ ಯುದ್ಧನೌಕೆಯೊಂದರ ಕಥೆ ಮಾಡಬೇಕಿತ್ತು. ರಂಗಭೂಮಿಯಲ್ಲಿ ಅವರು ದೊಡ್ಡ ಹೆಸರು, ಕ್ಯಾಮೆರಾ ಕೆಲಸ ಗೊತ್ತಿರಲಿಲ್ಲ. ಲೀನ್ ಅವರನ್ನು ಕರೆದರು. ಸಹಾಯಕನಾಗಿ ಬರಲಾರೆ, ಸಹ ನಿರ್ದೇಶಕ ಅಂತ ಹೆಸರು ಹಾಕಿದರೆ ಬರುತ್ತೇನೆ ಅಂದರು ಲೀನ್. ಕವರ್ಡ್ ಓದಿ ಹೇಳಿದ ಕಥೆ ಒಂದು ಚಿತ್ರದಲ್ಲಿ ಹಿಡಿಯುವಂತಿರಲಿಲ್ಲ, ಅಷ್ಟು ಉದ್ದ. ಆಗ ಬಂದ ಪರಿಹಾರ ನೋಡಿ. ಹಡಗು ಮುಳುಗುತ್ತದೆ. ಬದುಕುಳಿದ ನಾವಿಕರು ಒಂದು ತೆಪ್ಪಕ್ಕೆ ಜೋತುಬಿದ್ದಿದ್ದಾರೆ. ಒಬ್ಬೊಬ್ಬರ ಮುಖದಿಂದ ಅವರವರ ಮನೆಗೆ, ಹೆಂಡತಿಗೆ, ತಾಯಿಗೆ ಕಟ್ ಆಗುತ್ತದೆ. ಮತ್ತೆ ಎಣ್ಣೆ ಮೆತ್ತಿದ ನೀರಿಗೆ ವಾಪಸ್. ವರ್ಷಗಳ ಕಥೆ ಒಂದು ತೆಪ್ಪದ ಸುತ್ತ ಕೂತುಬಿಟ್ಟಿತು. ಬರಹಗಾರರಿಗೆ ಹೊಳೆಯುವುದಕ್ಕಿಂತ ಎಡಿಟರ್‌ಗೆ ಬೇಗ ಹೊಳೆಯುವ ದಾರಿ ಇದು. ಚಿತ್ರೀಕರಣದ ಕೆಲವು ವಾರಗಳಾದ ಮೇಲೆ ಕವರ್ಡ್ ಅವರಿಗೆ ಸೆಟ್ಟಿನ ಕೆಲಸ ಬೇಸರವಾಯಿತು. ನಟಿಸುವ ದಿನ ಮಾತ್ರ ಬರುತ್ತಿದ್ದರು. ಉಳಿದದ್ದೆಲ್ಲ ಲೀನ್ ನೋಡಿಕೊಂಡರು.

ಈಗ 1945ರ ‘ಬ್ರೀಫ್ ಎನ್‌ಕೌಂಟರ್’ಗೆ ಬರೋಣ. ಕಥೆ ಬಹಳ ಸಣ್ಣದು. ಲಾರಾ ಮದುವೆಯಾದ ಗೃಹಿಣಿ. ಅಲೆಕ್ ಮದುವೆಯಾದ ಡಾಕ್ಟರ್. ರೈಲು ನಿಲ್ದಾಣದಲ್ಲಿ ಪರಿಚಯ, ಪ್ರೀತಿ, ಕೊನೆಗೆ ಅಗಲಿಕೆ. ಅಷ್ಟೇ.

ಚಿತ್ರ ಶುರುವಾಗುವುದು ನಿಲ್ದಾಣದ ಟೀ ಅಂಗಡಿಯಲ್ಲಿ. ಒಂದು ಮೂಲೆಯ ಮೇಜಿನಲ್ಲಿ ಇಬ್ಬರು ಕೂತಿದ್ದಾರೆ. ನಾವು ಅವರನ್ನು ಸರಿಯಾಗಿ ಗಮನಿಸುವುದೂ ಇಲ್ಲ. ಆಗ ಡಾಲಿ ಅನ್ನುವ ಬಾಯಿಬಡುಕ ಪರಿಚಯದವಳು ಬಂದು ನಡುವೆ ಕೂತು ಹರಟಲು ಶುರು ಮಾಡುತ್ತಾಳೆ. ಅಲೆಕ್ ರೈಲಿಗೆ ಹೊತ್ತಾಯಿತು ಅಂತ ಎದ್ದು, ಲಾರಾಳ ಹೆಗಲ ಮೇಲೆ ಒಂದು ಕ್ಷಣ ಕೈ ಇಟ್ಟು ಹೋಗುತ್ತಾನೆ. ನಮಗೆ ಏನೂ ಅನಿಸುವುದಿಲ್ಲ. ಯಾರೋ ಪರಿಚಯದವರು ಹೊರಟರು, ಅಷ್ಟೇ.

ಇಡೀ ಕಥೆ ಆದ ಮೇಲೆ ಕೊನೆಯಲ್ಲಿ ಅದೇ ದೃಶ್ಯ ಮತ್ತೆ ಬರುತ್ತದೆ. ಈಗ ನಾವು ಲಾರಾಳ ಪಕ್ಕದಲ್ಲಿದ್ದೇವೆ. ಜೀವನದಲ್ಲಿ ಮತ್ತೆ ನೋಡಲಾರದ ಮನುಷ್ಯನ ಜೊತೆಗಿನ ಕೊನೆಯ ನಿಮಿಷಗಳು ಇವು ಅಂತ ನಮಗೆ ಗೊತ್ತು. ಆ ಹೊತ್ತಿಗೆ ಸರಿಯಾಗಿ ಡಾಲಿ ಬರುತ್ತಾಳೆ. ವಿದಾಯ ಹೇಳಲೂ ಆಗುವುದಿಲ್ಲ. ಅದೇ ಕೈ ಅದೇ ಹೆಗಲ ಮೇಲೆ ಕೂರುತ್ತದೆ. ಮೊದಲ ಸಲ ಕಣ್ಣಿಗೇ ಬೀಳದಿದ್ದ ಆ ಕೈ ಈಗ ಎದೆ ಹಿಂಡುತ್ತದೆ. ಒಂದೇ ಘಟನೆ, ಎರಡು ಕಡೆ ಜಾಗ, ಪೂರ್ತಿ ಬೇರೆ ಅರ್ಥ. ಒಂದು ಶಾಟಿಗೆ ಸ್ವಂತ ಅರ್ಥ ಕಡಿಮೆ, ಅದರ ಹಿಂದೆ ಮುಂದೆ ಏನಿದೆ ಅನ್ನುವುದರಿಂದ ಅರ್ಥ ಬರುತ್ತದೆ ಅಂತ ಎಡಿಟಿಂಗ್ ತರಗತಿಯಲ್ಲಿ ಹೇಳುತ್ತಾರಲ್ವಾ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಈ ಚಿತ್ರದ ಎಡಿಟರ್ ಜ್ಯಾಕ್ ಹ್ಯಾರಿಸ್. ಆದರೆ ಕಥೆಯ ಕಟ್ಟಿನಲ್ಲೇ ಲೀನ್ ಕೈ ಕಾಣುತ್ತದೆ.

1946ರ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಶುರುವಾಗುವುದು ಸ್ಮಶಾನದಲ್ಲಿ. ಪುಟ್ಟ ಹುಡುಗ ಪಿಪ್ ಒಬ್ಬನೇ ಬಂದಿದ್ದಾನೆ. ಗಾಳಿ. ಕಿರ್ ಅನ್ನುವ ಮರದ ಕೊಂಬೆ. ಹುಡುಗ ಹೆದರಿ ಎದ್ದು ಓಡುತ್ತಾನೆ. ಕ್ಯಾಮೆರಾ ಅವನ ಜೊತೆಗೇ ತಿರುಗುತ್ತದೆ. ನಮ್ಮ ಕಣ್ಣೂ ಅವನ ಜೊತೆ ಓಡುತ್ತಿದೆ. ಹಾಗೆ ಓಡುತ್ತಾ ಓಡುತ್ತಾ, ಕಟ್ ಇಲ್ಲದೆ, ಎಚ್ಚರಿಕೆ ಇಲ್ಲದೆ, ದೈತ್ಯನಂಥ ಕೈದಿಯ ಮೈಗೆ ಡಿಕ್ಕಿ ಹೊಡೆಯುತ್ತಾನೆ. ಕಟ್ ಬರುವುದು ಅದಾದ ಮೇಲೆ, ಹುಡುಗನ ಕಿರುಚುವ ಮುಖಕ್ಕೆ. ಕೈದಿ ಎಲ್ಲೋ ಅಡಗಿರುವುದನ್ನು ಮೊದಲೇ ಒಂದು ಶಾಟಿನಲ್ಲಿ ತೋರಿಸಿದ್ದರೆ? ನಾವು ಸಿದ್ಧರಾಗಿರುತ್ತಿದ್ದೆವು. ಇಲ್ಲಿ ಎಡಿಟರ್ ಮಾಡಿದ ಕೆಲಸ ಅಂದರೆ ಕತ್ತರಿಸದೆ ಸುಮ್ಮನಿದ್ದದ್ದು. ಲೀನ್ ಚಿತ್ರಗಳಲ್ಲಿ ಇದು ಪದೇ ಪದೇ ಕಾಣುತ್ತದೆ. ಎಲ್ಲಿ ಕತ್ತರಿಸಬಾರದು ಅಂತ ಅವರಿಗೆ ಗೊತ್ತಿತ್ತು.

1948ರ ‘ಆಲಿವರ್ ಟ್ವಿಸ್ಟ್’ನಲ್ಲಿ ಕಳ್ಳ ಬಿಲ್ ಸೈಕ್ಸ್ ತನ್ನ ಜೊತೆಗಾತಿ ನ್ಯಾನ್ಸಿಯನ್ನು ಕೊಲ್ಲುವಾಗ ಪರದೆ ಮೇಲೆ ಕಾಣುವುದು ಅವನ ನಾಯಿ. ಹೊರಗೆ ಹೋಗಬೇಕು ಅಂತ ಅದು ಬಾಗಿಲನ್ನು ಕೆರೆಯುತ್ತಿದೆ. ಹೊಡೆತ ಒಂದೂ ಕಾಣುವುದಿಲ್ಲ. ಇವತ್ತಿನ ರಕ್ತದ ಸಿನಿಮಾಗಳನ್ನು ನೋಡಿ ಅಭ್ಯಾಸವಾದವರೂ ಈ ದೃಶ್ಯಕ್ಕೆ ಮುಖ ತಿರುಗಿಸುತ್ತಾರೆ.

1957ರ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಬಗ್ಗೆ ಎಲ್ಲರೂ ಮಾತಾಡಿದ್ದಾರೆ. ಸಿಲೋನಿನ ಕಾಡಿನಲ್ಲಿ ತೆಗೆದ ಚಿತ್ರ, ಏಳು ಆಸ್ಕರ್. ನಾನು ಅಲ್ಲಿ ನಿಲ್ಲದೆ 1962ರ ‘ಲಾರೆನ್ಸ್ ಆಫ್ ಅರೇಬಿಯಾ’ಕ್ಕೆ ಹೋಗುತ್ತೇನೆ.

ಬೆಂಕಿಕಡ್ಡಿಯ ಕಟ್ ನಿಮಗೆಲ್ಲ ಗೊತ್ತು. ಕೈರೋದ ಒಂದು ಕೋಣೆ. ಲಾರೆನ್ಸ್ ಪಾತ್ರದ ಪೀಟರ್ ಓಟೂಲ್ ಉರಿಯುತ್ತಿರುವ ಕಡ್ಡಿಯನ್ನು ಹಿಡಿದು ನೋಡುತ್ತಾ ಊದುತ್ತಾರೆ. ಮರುಕ್ಷಣ ಪರದೆ ತುಂಬ ಮರುಭೂಮಿ, ಇನ್ನೂ ಸೂರ್ಯ ಮೂಡದ ಕೆಂಪು ಅಂಚು. ಸಿನಿಮಾ ಇತಿಹಾಸದ ಅತಿ ಹೆಸರುವಾಸಿ ಕಟ್‌ಗಳಲ್ಲಿ ಇದೂ ಒಂದು. ಸ್ಕ್ರಿಪ್ಟಿನಲ್ಲಿ ಅಲ್ಲಿ ಕಟ್ ಇರಲಿಲ್ಲ, ಡಿಸಾಲ್ವ್ ಇತ್ತು. ಒಂದು ಚಿತ್ರ ಕರಗಿ ಇನ್ನೊಂದು ಮೂಡುವುದು. ಆ ಕಾಲದಲ್ಲಿ ಡಿಸಾಲ್ವ್ ಬೇಕಾದರೆ ಲ್ಯಾಬಿನಲ್ಲಿ ಮಾಡಿಸಬೇಕಿತ್ತು. ಅಲ್ಲಿಯವರೆಗೆ ಎಡಿಟರ್ ಎರಡು ತುಂಡನ್ನು ನೇರ ಅಂಟಿಸಿ, ಇಲ್ಲಿ ಡಿಸಾಲ್ವ್ ಅಂತ ಫಿಲ್ಮಿನ ಮೇಲೆ ಗುರುತು ಹಾಕಿಡುತ್ತಿದ್ದರು. ಹಾಗೆ ಅಂಟಿಸಿದ್ದನ್ನು ಓಡಿಸಿ ನೋಡಿದಾಗ ಲೀನ್ ಮತ್ತು ಎಡಿಟರ್ ಆನ್ ಕೋಟ್ಸ್ ಇಬ್ಬರಿಗೂ ಈ ನೇರ ಕಟ್ಟೇ ಚೆನ್ನಾಗಿದೆ ಅನ್ನಿಸಿತು. ಫ್ರಾನ್ಸಿನ ಹೊಸ ಅಲೆಯ ಚಿತ್ರಗಳನ್ನು ನೋಡಿ ಅಂತ ಲೀನ್ ಅವರಿಗೆ ಹೇಳಿದವರೂ ಕೋಟ್ಸ್. ಆ ಚಿತ್ರಗಳಲ್ಲಿ ಇಂಥ ನೇರ ಕಟ್‌ಗಳು ಧಾರಾಳ. ಹೆಚ್ಚು ಕಡಿಮೆ ಸರಿಯಾಗಿದೆ, ಪೂರ್ತಿ ಸರಿ ಮಾಡಿಕೊಂಡು ಬನ್ನಿ ಅಂದರಂತೆ ಲೀನ್. ಕೋಟ್ಸ್ ಎರಡು ಫ್ರೇಮ್ ತೆಗೆದರು.

ಎರಡು ಫ್ರೇಮ್ ಅಂದರೆ ಒಂದು ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಇದನ್ನು ಹೇಳುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮೂರೂವರೆ ಗಂಟೆಗೂ ಉದ್ದದ ಚಿತ್ರದಲ್ಲಿ ಅಷ್ಟು ಸಣ್ಣ ತುಂಡಿನ ಬಗ್ಗೆ ತಲೆ ಕೆಡಿಸಿಕೊಂಡ ಇಬ್ಬರು! ಆ ಕಟ್‌ನ ಹೊಗಳಿಕೆ ಲೀನ್ ಒಬ್ಬರಿಗೇ ಹೋಗಬಾರದು ಅನ್ನುವುದನ್ನೂ ಇಲ್ಲಿ ಒತ್ತಿ ಹೇಳುತ್ತೇನೆ. ಕೋಟ್ಸ್ ಆ ವರ್ಷದ ಸಂಕಲನದ ಆಸ್ಕರ್ ಪಡೆದರು, ನ್ಯಾಯವಾಗಿಯೇ ಪಡೆದರು. ತಾನೇ ಎಡಿಟರ್ ಆಗಿದ್ದ ನಿರ್ದೇಶಕನ ಪಕ್ಕ ಕೂತು ಕೆಲಸ ಮಾಡುವುದು ಸುಲಭ ಅಲ್ಲ.

ಅದೇ ಚಿತ್ರದ ಬಾವಿಯ ದೃಶ್ಯಕ್ಕೆ ಬನ್ನಿ. ದೂರದ ಬಿಸಿಲ್ಗುದುರೆಯಲ್ಲಿ ಒಂದು ಕಪ್ಪು ಚುಕ್ಕಿ. ಅದು ನಿಧಾನವಾಗಿ ಒಂಟೆಯ ಮೇಲಿನ ಮನುಷ್ಯ ಆಗುತ್ತದೆ. ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ಇದಕ್ಕಾಗಿ ಬಹಳ ಉದ್ದದ ಲೆನ್ಸ್ ತರಿಸಿದ್ದರು. ಬರುತ್ತಿರುವವರು ಓಮರ್ ಶರೀಫ್. ಬಾವಿಯ ಹತ್ತಿರ ಲಾರೆನ್ಸ್ ಮತ್ತು ಅವನ ದಾರಿ ತೋರಿಸುವವನು ಕಾಯುತ್ತಿದ್ದಾರೆ, ನಾವೂ ಕಾಯುತ್ತೇವೆ. ಆಮೇಲೆ ಒಂದೇ ಒಂದು ಗುಂಡು. ದೃಶ್ಯ ಮೊದಲು ಇನ್ನೂ ಉದ್ದ ಇತ್ತು, ಧೈರ್ಯ ಸಾಲದೆ ಕಡಿಮೆ ಮಾಡಿದೆ ಅಂತ ಲೀನ್ ಆಮೇಲೆ ಬೇಸರ ಪಟ್ಟುಕೊಂಡಿದ್ದರು. ನೋಡಿ, ಒಂದು ಕಡೆ ಎರಡು ಫ್ರೇಮ್ ತೆಗೆಸಿದ ಮನುಷ್ಯ ಇನ್ನೊಂದು ಕಡೆ ಜಾಸ್ತಿ ಕತ್ತರಿಸಿದೆ ಅಂತ ಕೊರಗುತ್ತಾನೆ.

1965ರ ‘ಡಾಕ್ಟರ್ ಜಿವಾಗೋ’ ದುಡ್ಡು ಮಾಡಿತು. 1970ರ ‘ರಯಾನ್ಸ್ ಡಾಟರ್’ ನನ್ನ ಲೆಕ್ಕದಲ್ಲೂ ಅವರ ಸೋತ ಚಿತ್ರ. ಸಣ್ಣ ಹಳ್ಳಿಯ ಪ್ರೇಮಕಥೆಗೆ ಅಷ್ಟು ದೊಡ್ಡ ಆಕಾಶ, ಅಷ್ಟು ದೊಡ್ಡ ಸಮುದ್ರ ಭಾರವಾಯಿತು. ನ್ಯೂಯಾರ್ಕಿನಲ್ಲಿ ವಿಮರ್ಶಕರು ಅವರನ್ನು ಒಂದು ಸಭೆಗೆ ಕರೆದು, ಎದುರಿಗೆ ಕೂರಿಸಿಕೊಂಡೇ ಹೀನಾಯವಾಗಿ ಮಾತಾಡಿದರು. ‘ಬ್ರೀಫ್ ಎನ್‌ಕೌಂಟರ್’ ಮಾಡಿದವರು ಇಂಥದ್ದನ್ನು ಹೇಗೆ ಮಾಡಿದಿರಿ ಅಂತ ಕೇಳಿದರು. ಚಿತ್ರ ಸೋತಿತ್ತು ನಿಜ. ಆದರೆ ಆ ನಡವಳಿಕೆಯನ್ನು ನಾನು ಒಪ್ಪಲಾರೆ. ಆ ಮನುಷ್ಯ ಅಲ್ಲಿ ಕುಸಿದುಹೋದರು. ನಡುವೆ ಬೌಂಟಿ ಹಡಗಿನ ದಂಗೆಯ ಬಗ್ಗೆ ಚಿತ್ರ ಮಾಡಲು ವರ್ಷಗಳ ಕಾಲ ಒದ್ದಾಡಿದರು, ಕೈಗೂಡಲಿಲ್ಲ.

ಹೀಗೆ ಹದಿನಾಲ್ಕು ವರ್ಷ ಕಳೆದ ಮೇಲೆ ಅವರು ಬಂದದ್ದು ನಮ್ಮ ಬಂಡೆಗಳ ಹತ್ತಿರ. ಇ.ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿ ಬಿಹಾರದ ಬರಾಬರ್ ಗುಹೆಗಳನ್ನು ನೆನಪಿನಲ್ಲಿಟ್ಟುಕೊಂಡು ಬರೆದದ್ದು. ಅಶೋಕನ ಕಾಲದ ಆ ಗುಹೆಗಳನ್ನು ಲೀನ್ ನೋಡಿದರು. ಕಣ್ಣಿಗೆ ಅಷ್ಟಾಗಿ ಹಿಡಿಸಲಿಲ್ಲ. ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬರೀ ಬಂಡೆ ಹಿಡಿಸಿತು. ಅಲ್ಲಿ ಚಿತ್ರಕ್ಕಾಗಿಯೇ ಗುಹೆಯ ಬಾಯಿಗಳನ್ನು ಕೊರೆಸಿದರು. ಕಥೆ ನಡೆಯುವ ಊರಾದ ಚಂದ್ರಾಪುರದ ಪೇಟೆಯನ್ನು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಟ್ಟಿದರು. ಗುಹೆಗಳಿಗೆ ಹೋಗುವ ರೈಲು ಊಟಿಯ ಬೆಟ್ಟದ ರೈಲು. ಸಾವನದುರ್ಗ, ಬೆಂಗಳೂರು, ನೀಲಗಿರಿ ಮೂರೂ ಸೇರಿ ಒಂದು ಊರಾಯಿತು. ಇದೂ ಎಡಿಟರ್ ಕಣ್ಣೇ. ಎರಡು ಶಾಟುಗಳು ಒಂದರ ಪಕ್ಕ ಒಂದು ಕೂತರೆ ನಡುವಿನ ನೂರಾರು ಮೈಲಿ ಮಾಯ ಅಂತ ಅವರಿಗೆ ಗೊತ್ತು.

ಇನ್ನೊಂದು ನಂಟೂ ಇದೆ. ಚಿತ್ರಕಥೆಗೆ ಕಾದಂಬರಿಯ ಜೊತೆ ಸಾಂತಾ ರಾಮರಾವ್ ಅವರ ನಾಟಕ ರೂಪವೂ ಆಧಾರ. ಅವರು ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಅವರ ಮಗಳು. ಬೆನಗಲ್ ಮನೆತನ ಮಂಗಳೂರಿನ ಕಡೆಯದು.

ಈ ಚಿತ್ರದಲ್ಲಿ, ಭಾರತ ನೋಡಲು ಬಂದ ಇಂಗ್ಲಿಷ್ ಹುಡುಗಿ ಅಡೆಲಾ ಸೈಕಲ್ ಹತ್ತಿ ಒಬ್ಬಳೇ ಹೋಗಿ, ಎತ್ತರದ ಹುಲ್ಲಿನ ನಡುವೆ ಪಾಳುಬಿದ್ದ ಗುಡಿಯೊಂದನ್ನು ಕಾಣುವ ದೃಶ್ಯ ಇದೆ. ಕಾದಂಬರಿಯಲ್ಲಿ ಇದು ಇಲ್ಲ, ಲೀನ್ ಸೇರಿಸಿದ್ದು. ಮಿಥುನ ಶಿಲ್ಪಗಳು, ಅವಳ ಮುಖ, ಮತ್ತೆ ಶಿಲ್ಪ, ಮತ್ತೆ ಮುಖ. ಒಂದು ಮಾತಿಲ್ಲ. ಇದ್ದಕ್ಕಿದ್ದಂತೆ ಮಂಗಗಳು ಮೇಲಿನಿಂದ ಇಳಿದು ಬರುತ್ತವೆ, ಅವಳು ಹೆದರಿ ಓಡುತ್ತಾಳೆ. ಅವಳ ಒಳಗೆ ಏನು ಎದ್ದಿದೆ ಅಂತ ಸಂಭಾಷಣೆಯಲ್ಲಿ ಹೇಳಿಸಿದ್ದರೆ ಹತ್ತು ನಿಮಿಷ ಬೇಕಿತ್ತು, ಆಗಲೂ ಹೇಳಿದಂತೆ ಆಗುತ್ತಿರಲಿಲ್ಲ.

ಮುಂದೆ ಗುಹೆ. ಒಳಗೆ ಅಡೆಲಾ ಕಡ್ಡಿ ಗೀರುತ್ತಾಳೆ. ಹೊರಗೆ, ಗುಹೆ ತೋರಿಸಲು ಕರೆತಂದ ಡಾಕ್ಟರ್ ಅಜೀಜ್ ಅವಳನ್ನು ಹುಡುಕುತ್ತಾ ಕೂಗುತ್ತಿದ್ದಾನೆ. ಅವನ ದನಿ ಬಂಡೆಗೆ ಬಡಿದು ಗುಂಯ್ ಅನ್ನುತ್ತದೆ. ಗುಹೆಯ ಬಾಯಲ್ಲಿ ಅವನ ಆಕೃತಿ. ಅಲ್ಲಿಗೆ ಬಿಟ್ಟರು. ಆಮೇಲೆ ಅವಳು ಕಳ್ಳಿಗಿಡಗಳ ನಡುವೆ ಮೈ ಗೀಚಿಕೊಂಡು ಬೆಟ್ಟ ಇಳಿಯುತ್ತಿರುವುದು ಕಾಣುತ್ತದೆ. ನಡುವೆ ಏನಾಯಿತು? ಇಡೀ ಚಿತ್ರ, ಅಜೀಜ್ ಮೇಲೆ ನಡೆಯುವ ಇಡೀ ಕೋರ್ಟು ವಿಚಾರಣೆ ನಿಂತಿರುವುದು ತೋರಿಸದ ಆ ಭಾಗದ ಮೇಲೆ. ಅದನ್ನು ಬೇರೆಯವರ ಕೈಗೆ ಕೊಡಲು ಲೀನ್ ಒಪ್ಪಲಿಲ್ಲ ಅಂದರೆ ನನಗೆ ಆಶ್ಚರ್ಯ ಇಲ್ಲ.

ಚಿತ್ರದಲ್ಲಿ ತಪ್ಪುಗಳಿವೆ. ಪ್ರೊಫೆಸರ್ ಗೋಡಬೋಲೆ ಪಾತ್ರಕ್ಕೆ ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್ ಅವರಿಗೆ ಕಂದು ಬಣ್ಣ ಬಳಿದು ಕೂರಿಸಿದ್ದನ್ನು ನಾನು ಕ್ಷಮಿಸಲಾರೆ. ಅದೇ ಚಿತ್ರದಲ್ಲಿ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಶನ್ ಸೇಠ್ ಇದ್ದರು. ಆ ಒಂದು ಪಾತ್ರಕ್ಕೆ ಇಡೀ ಭಾರತದಲ್ಲಿ ನಟರು ಸಿಗಲಿಲ್ಲವೇ? ಎಡಿಟಿಂಗ್‌ನಲ್ಲಿ ಗಿನ್ನೆಸ್ ಅವರ ನೃತ್ಯವನ್ನು ಲೀನ್ ಕಿತ್ತು ಹಾಕಿದರು, ಹಳೆಯ ಗೆಳೆಯರ ನಡುವೆ ಮನಸ್ತಾಪ ಆಯಿತು. ಅಡೆಲಾ ಪಾತ್ರದ ಜೂಡಿ ಡೇವಿಸ್ ಅವರಿಗೂ ಲೀನ್‌ಗೂ ಸೆಟ್ಟಿನಲ್ಲಿ ಸರಿಹೋಗಲಿಲ್ಲ. ಎಡಿಟರ್ ಆಗಿದ್ದವರು ನಿರ್ದೇಶಿಸಿದಾಗ ನಟರಿಗೆ ಕಾಡುವ ಕಷ್ಟ ಇದು. ನಟರು ದೃಶ್ಯವನ್ನು ಬದುಕುತ್ತಿರುತ್ತಾರೆ, ನಿರ್ದೇಶಕರು ಆಗಲೇ ಅದನ್ನು ಕತ್ತರಿಸುತ್ತಿರುತ್ತಾರೆ.

ಹನ್ನೊಂದು ಆಸ್ಕರ್ ನಾಮನಿರ್ದೇಶನ ಬಂದವು. ಸಂಕಲನಕ್ಕೂ ಬಂತು. ಗೆದ್ದದ್ದು ಎರಡು. ಮಿಸೆಸ್ ಮೂರ್ ಪಾತ್ರಕ್ಕೆ ಪೆಗಿ ಆಶ್‌ಕ್ರಾಫ್ಟ್, ಸಂಗೀತಕ್ಕೆ ಮೋರಿಸ್ ಜಾರ್.

1989ರಲ್ಲಿ ‘ಲಾರೆನ್ಸ್’ ಚಿತ್ರವನ್ನು ಮತ್ತೆ ಸರಿಪಡಿಸಿ ಬಿಡುಗಡೆ ಮಾಡಿದರು. ಬಿಡುಗಡೆಯಾದ ಮೇಲೆ ವಿತರಕರಿಗಾಗಿ ಕತ್ತರಿಸಿ ಎಸೆದ ತುಂಡುಗಳನ್ನು ಹುಡುಕಿ ತಂದು ಸೇರಿಸಿದ ಕೆಲಸ ಅದು. ಎಂಬತ್ತು ದಾಟಿದ ಲೀನ್ ಆಗಲೂ ಬಂದು ಕೂತರು. ಆನ್ ಕೋಟ್ಸ್ ಕೂಡ ಬಂದರು. ಸಿಕ್ಕಿದ್ದನ್ನೆಲ್ಲ ತುಂಬಿಸೋಣ ಅನ್ನಲಿಲ್ಲ ಲೀನ್. ಮತ್ತೆ ಅಲ್ಲಲ್ಲಿ ಸಣ್ಣಗೆ ಕತ್ತರಿಸಿದರು. 1991ರ ಏಪ್ರಿಲ್ 16ರಂದು ತೀರಿಕೊಂಡಾಗ ಜೋಸೆಫ್ ಕಾನ್ರಾಡ್ ಅವರ ‘ನಾಸ್ಟ್ರೊಮೊ’ ಕಾದಂಬರಿಯ ಚಿತ್ರೀಕರಣಕ್ಕೆ ತಯಾರಿ ನಡೆಸಿದ್ದರು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ನಮ್ಮ ದೇಶದಲ್ಲಿ ಇಂಥವರು ಯಾರಿದ್ದಾರೆ ಅಂತ ಒಬ್ಬರು ಕೇಳಿದರು. ಹೃಷಿಕೇಶ್ ಮುಖರ್ಜಿ ಇದ್ದಾರಲ್ಲ! ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’, ‘ದೇವದಾಸ್’, ‘ಮಧುಮತಿ’ ಎಡಿಟ್ ಮಾಡಿದವರು. 1957ರಿಂದ ನಿರ್ದೇಶನ. 1965ರ ಮಲಯಾಳಂ ‘ಚೆಮ್ಮೀನ್’ ಚಿತ್ರದ ಸಂಕಲನದಲ್ಲೂ ಅವರ ಹೆಸರಿದೆ. ರಾಷ್ಟ್ರಪತಿ ಚಿನ್ನದ ಪದಕ ಪಡೆದ ಮೊದಲ ದಕ್ಷಿಣ ಭಾರತದ ಚಿತ್ರ ಅದು. ನಿರ್ದೇಶಕರಾದ ಮೇಲೂ ಬೇರೆಯವರ ಚಿತ್ರ ಎಡಿಟ್ ಮಾಡಲು ಅವರಿಗೆ ಸಂಕೋಚ ಇರಲಿಲ್ಲ. ‘ಆನಂದ್’ ನೋಡುವಾಗ ಕೊನೆಯಲ್ಲಿ ಟೇಪ್ ರೆಕಾರ್ಡರ್ ಕಡೆಗೆ ಯಾವಾಗ ಕಟ್ ಆಗುತ್ತದೆ ಅಂತ ಗಮನಿಸಿ. ಅವರ ಬಗ್ಗೆ ಬೇರೆಯದೇ ಒಂದು ಸಂಜೆ ಬೇಕು.

ಲೀನ್ ಚಿತ್ರಗಳನ್ನು ಎಲ್ಲಿಂದ ಶುರು ಮಾಡಬೇಕು ಅಂತ ಇನ್ನೊಬ್ಬರು ಕೇಳಿದರು. ದೊಡ್ಡ ಚಿತ್ರಗಳನ್ನು ಫೋನಿನಲ್ಲಿ ನೋಡಬೇಡಿ, ಬಿಸಿಲ್ಗುದುರೆಯ ಆ ಚುಕ್ಕಿ ನಿಮಗೆ ಕಾಣುವುದೇ ಇಲ್ಲ. ಅವನ್ನು ದೊಡ್ಡ ಪರದೆ ಸಿಗುವ ತನಕ ಇಟ್ಟುಕೊಳ್ಳಿ. ‘ಬ್ರೀಫ್ ಎನ್‌ಕೌಂಟರ್’ನಿಂದ ಶುರು ಮಾಡಿ, ಒಂದೂವರೆ ಗಂಟೆಗೂ ಕಡಿಮೆ. ಮುಗಿದ ಕೂಡಲೇ ಮೊದಲ ಹತ್ತು ನಿಮಿಷವನ್ನು ಮತ್ತೊಮ್ಮೆ ಹಾಕಿ. ಡಾಲಿ ಮಾತಾಡುತ್ತಿರಲಿ, ನೀವು ಲಾರಾಳ ಮುಖ ಮಾತ್ರ ನೋಡಿ.